ಗಾಲ್ಫ್‌ಗೆ ಫೋರ್ಜ್ಡ್ ಐರನ್ ಸೆಟ್ ಯಾವುದು ತಗೊಳ್ಳಲಿ? ಮಿಸ್ತ್ರಿ ಕಾಕಾ ಅವರಿಗೆ ಕೇಳಿ

ಅಡ್ಮಿನ್: ನಮಸ್ಕಾರ. ಹೋದ ವಾರದಿಂದ ಗುಂಪಿನಲ್ಲಿ ಫೋರ್ಜ್ಡ್ ಐರನ್ (ಕಾಯಿಸಿ ಬಡಿದು ಮಾಡಿದ ಉಕ್ಕಿನ ತಲೆಯ ಗಾಲ್ಫ್ ಕ್ಲಬ್) ಬಗ್ಗೆ ಒಂದೇ ಸಮನೆ ಪ್ರಶ್ನೆ ಬರುತ್ತಿವೆ. ಹಾಗಾಗಿ ಇವತ್ತು ನಮ್ಮ ಬೆಳಗಾವಿ ಟಿಳಕವಾಡಿಯ ಮಿಸ್ತ್ರಿ ಕಾಕಾ ಉತ್ತರ ಕೊಡಲು ಒಪ್ಪಿದ್ದಾರೆ. ಉದ್ಯಮಬಾಗದ ಫೋರ್ಜಿಂಗ್ ಶಾಪ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು, ಈಗ ಗಾಲ್ಫ್ ಕ್ಲಬ್ ರಿಪೇರಿ, ಫಿಟ್ಟಿಂಗ್ ಮಾಡುತ್ತಾರೆ. ಎತ್ತರ, ಹ್ಯಾಂಡಿಕ್ಯಾಪ್ (ಆಟದ ಮಟ್ಟ ಹೇಳುವ ಅಂಕ, ಕಡಿಮೆ ಇದ್ದಷ್ಟು ಆಟಗಾರ ನುರಿತವರು), ಈಗಿರುವ ಸೆಟ್ ಯಾವುದು, ಇಷ್ಟು ಬರೆದು ಕೇಳಿ.

ಕ್ಯಾಂಪ್ 16: ಕಾಕಾ, ನಮಸ್ಕಾರ್ರಿ. ಹ್ಯಾಂಡಿಕ್ಯಾಪ್ 16, ಎತ್ತರ 5 ಅಡಿ 9. ಟೈಟ್ಲಿಸ್ಟ್ ಟಿ100, ಸ್ರಿಕ್ಸನ್ ಝಡ್‌ಎಕ್ಸ್7 ಮಾರ್ಕ್ 2, ಟೇಲರ್‌ಮೇಡ್ ಪಿ790. ಮೂರರಲ್ಲಿ ಯಾವುದು? ಅಂಗಡಿಯಲ್ಲಿ ಪಿ790ಯ 7ನೇ ಐರನ್ ಹೊಡೆದಾಗ ಉಳಿದವಕ್ಕಿಂತ 12 ಗಜ ದೂರ ಹೋಯಿತು.

ಮಿಸ್ತ್ರಿ ಕಾಕಾ: ದೂರ ಹೋಗಲೇಬೇಕು. ಟಿ100ನ 7ನೇ ಐರನ್ ಲಾಫ್ಟ್ 34 ಡಿಗ್ರಿ, ಝಡ್‌ಎಕ್ಸ್7ದ್ದು 32, ಪಿ790ಯದು 30.5. ಕೆಳಗೆ ಬರೆದ ಸಂಖ್ಯೆ ಒಂದೇ, ಲಾಫ್ಟ್ ಅಂದರೆ ಮುಖದ ಓರೆ ಬೇರೆ. ಓರೆ ಕಡಿಮೆಯಾದಷ್ಟು ದೂರ ಜಾಸ್ತಿ. ನೀವು ಹೋಲಿಸಿದ್ದು ಹೆಚ್ಚುಕಮ್ಮಿ ಒಬ್ಬರ 7ನ್ನು ಇನ್ನೊಬ್ಬರ 6ರ ಜೊತೆ. ಇನ್ನೊಂದು ವಿಷಯ, ಮೂರೂ ಒಂದೇ ಅರ್ಥದಲ್ಲಿ ಫೋರ್ಜ್ಡ್ ಅಲ್ಲ. ಝಡ್‌ಎಕ್ಸ್7 ಒಂದೇ ತುಂಡು ಮೃದು ಉಕ್ಕು. ಪಿ790 ಒಳಗೆ ಟೊಳ್ಳು, ಅದರಲ್ಲಿ ಫೋಮ್ ತುಂಬಿರುತ್ತಾರೆ, ಮುಖದ ತಗಡು ಫೋರ್ಜ್ಡ್. ಅದು ಕೆಟ್ಟ ಕ್ಲಬ್ ಅಂತ ಅಲ್ಲ. 16ಕ್ಕೆ ಟಿ100 ಬೇಡ, ತಲೆ ಸಣ್ಣದು. ಉಳಿದ ಎರಡರಲ್ಲಿ ಚೆಂಡು ಎಷ್ಟು ಎತ್ತರಕ್ಕೆ ಹೋಗಿ ಗ್ರೀನ್ (ಕುಳಿ ಇರುವ ನುಣುಪು ಹುಲ್ಲು) ಮೇಲೆ ಎಷ್ಟು ಬೇಗ ನಿಲ್ಲುತ್ತದೆ ಅಂತ ನೋಡಿ ಆರಿಸಿ. ದೂರ ನೋಡಿ ಆರಿಸಬೇಡಿ. ಪಿ790 ತಗೊಂಡರೆ ಪಿಚಿಂಗ್ ವೆಜ್‌ಗೂ (ಹತ್ತಿರದ ಹೊಡೆತದ ಕ್ಲಬ್) 56 ಡಿಗ್ರಿಯ ವೆಜ್‌ಗೂ ನಡುವೆ ಲಾಫ್ಟಿನಲ್ಲಿ ದೊಡ್ಡ ಸಂದು ಬೀಳುತ್ತದೆ, ಅಲ್ಲಿಗೆ ಒಂದು ವೆಜ್ ಬೇಕಾಗುತ್ತದೆ. ಚೀಲದಲ್ಲಿ 14 ಕ್ಲಬ್ ಮಿತಿ ನೆನಪಿರಲಿ.

ಎಡಗೈ: ಸರ್, ಎಡಗೈ ಆಟಗಾರರಿಗೆ ಫೋರ್ಜ್ಡ್ ಸೆಟ್ ಈ ಕಡೆ ಎಲ್ಲಿ ಟ್ರಯಲ್ ನೋಡಬಹುದು?

ಹಿಂಡಲಗಾ ರೋಡ್: ಕಾಕಾ, ನನ್ನದು ಮಿಝುನೋ ಹಳೆ ಎಂಪಿ ಸೆಟ್, ಸೆಕೆಂಡ್ ಹ್ಯಾಂಡ್ ತಗೊಂಡು ಐದು ವರ್ಷ ಆಯಿತು. ಈಚೆಗೆ 6 ಮತ್ತು 7 ಎರಡೂ ಒಂದೇ ದೂರ ಹೋಗುತ್ತಿವೆ. ಸೆಟ್ ಸವೆದಿದೆ, ಹೊಸ ಫೋರ್ಜ್ಡ್ ತಗೋ ಅಂತ ಗೆಳೆಯರು ಹೇಳುತ್ತಾರೆ. ತಗೊಳ್ಳಲಾ?

ಮಿಸ್ತ್ರಿ ಕಾಕಾ: ತಡೀರಿ, ಏನೂ ತಗೊಳ್ಳಬೇಡಿ. ಮೊದಲು ಹೇಳಿ, ಅಭ್ಯಾಸ ಎಲ್ಲಿ ಮಾಡುತ್ತೀರಿ? ಹುಲ್ಲಿನ ಮೇಲಾ, ಚಾಪೆ ಮೇಲಾ? ಜಾಸ್ತಿ ಹೊಡೆಯುವುದು ಯಾವ ಕ್ಲಬ್?

ಹಿಂಡಲಗಾ ರೋಡ್: ಮನೆಯ ಟೆರೇಸ್ ಮೇಲೆ ಚಾಪೆ, ನೆಟ್ ಹಾಕಿದ್ದೇನೆ. 2022ರ ಆಗಸ್ಟ್‌ನಲ್ಲಿ ಗಾಲ್ಫ್ ಕೋರ್ಸ್‌ಗೆ ಚಿರತೆ ಹೊಕ್ಕಿತ್ತಲ್ಲ, ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟು, ಸಕ್ರೆಬೈಲಿನಿಂದ ಆನೆ ತರಿಸಿ ಹುಡುಕಿದ್ದರು. ಆಗ ಆ ಕಡೆ ಹೋಗುವುದು ಬಿಟ್ಟು ಟೆರೇಸ್ ಮೇಲೆ ಶುರು ಮಾಡಿದ್ದು, ಹಾಗೇ ಮುಂದುವರಿಯಿತು. ದಿನಾ 7ನೇ ಐರನ್, ನೂರು ಚೆಂಡು.

ಮಿಸ್ತ್ರಿ ಕಾಕಾ: ಹಾಗಾದರೆ ಸಿಕ್ಕಿತು. ನೋಡ್ರಿ, ಮೃದು ಫೋರ್ಜ್ಡ್ ತಲೆ ಅಂದರೆ ಸಾಮಾನ್ಯವಾಗಿ 1020 ಅಥವಾ 1025 ಉಕ್ಕು. ಕೊನೆಯ ಎರಡು ಅಂಕಿ ಇಂಗಾಲದ್ದು, 1025 ಅಂದರೆ ನೂರಕ್ಕೆ ಕಾಲು ಭಾಗ ಮಾತ್ರ. ಸರಳನ್ನು ಸುಮಾರು 1200 ಡಿಗ್ರಿಗೆ ಕಾಯಿಸಿ ಡೈಯಲ್ಲಿ ಬಡಿದು ಆಕಾರಕ್ಕೆ ತರುತ್ತಾರೆ. ಇಂಗಾಲ ಕಡಿಮೆ, ಆದ್ದರಿಂದ ಬಗ್ಗುವ ಗುಣ ಜಾಸ್ತಿ. ನಾನು ಯಂತ್ರದಲ್ಲಿ ಇಟ್ಟು ಒಂದು ಡಿಗ್ರಿ, ಎರಡು ಡಿಗ್ರಿ ಸರಿಮಾಡಲು ಆಗುವುದು ಈ ಗುಣದಿಂದಲೇ. ಆದರೆ ಅದೇ ಗುಣ ನಿಮ್ಮ ಕೈಯಲ್ಲೂ ಕೆಲಸ ಮಾಡುತ್ತದೆ. ಕಾಂಕ್ರೀಟ್ ಮೇಲಿನ ತೆಳ್ಳನೆ ಚಾಪೆಗೆ ದಿನಾ ನೂರು ಸಲ ಬಡಿದರೆ ಹೋಸೆಲ್ (ಕೋಲು ತಲೆಗೆ ಸೇರುವ ಕತ್ತು) ಹತ್ತಿರ ಕೂದಲೆಳೆಯಷ್ಟು ಬಗ್ಗುತ್ತಾ ಬಗ್ಗುತ್ತಾ ವರ್ಷದಲ್ಲಿ ಒಂದೆರಡು ಡಿಗ್ರಿ ಅತ್ತಿತ್ತ ಆಗಿಬಿಡುತ್ತದೆ. 7 ಮಾತ್ರ ಬಡಿದಿದ್ದೀರಿ, 7 ಮಾತ್ರ ಜರುಗಿರಬೇಕು. 6ಕ್ಕೂ 7ಕ್ಕೂ ನಡುವೆ ಇರುವುದೇ ಸುಮಾರು ನಾಲ್ಕು ಡಿಗ್ರಿ, ಅದರಲ್ಲಿ ಎರಡು ಹೋದರೆ ಉಳಿಯುವುದೇನು? ನೀವು ಬೇಸರ ಮಾಡಿಕೊಂಡಿರುವುದು ನಿಮ್ಮ ಸ್ವಿಂಗ್ ಮೇಲೆ ಅಂತ ನನಗನಿಸುತ್ತದೆ, ಹಾಗೆ ಮಾಡಿಕೊಳ್ಳಬೇಡಿ. ಇಡೀ ಸೆಟ್ ತನ್ನಿ, ಎಲ್ಲದರ ಲಾಫ್ಟ್, ಲೈ (ಕೋಲು ನೆಲಕ್ಕೆ ಮಾಡುವ ಕೋನ) ಅಳೆಯೋಣ. ನನ್ನ ಅಂದಾಜು ತಪ್ಪಾದರೆ ಆಮೇಲೆ ಹೊಸದರ ಮಾತು. ಇಂಥ ಸೆಟ್ ಸಿಕ್ಕರೆ ನನಗೆ ಖುಷಿ, ಅದನ್ನು ಮಾರಬೇಡಿ. ಲಾಫ್ಟ್ ಗಟ್ಟಿ, ಅಂದರೆ ಕಡಿಮೆ, ಮಾಡಿದರೆ ಒಂದು ಡಿಗ್ರಿಗೆ ಒಂದು ಡಿಗ್ರಿ ಬೌನ್ಸ್ (ತಳ ಮಣ್ಣಿಗೆ ಹುಗಿಯದಂತೆ ತಡೆಯುವ ಕೋನ) ಕಡಿಮೆ ಆಗುತ್ತದೆ. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಬೇಸಿಗೆಗೆ ಪರವಾಗಿಲ್ಲ, ಮಳೆಗಾಲದಲ್ಲಿ ಸೋಲ್ (ತಳ) ಮಣ್ಣಿಗೆ ಹುಗಿಯುತ್ತದೆ. ಅದನ್ನೂ ನೋಡಿಯೇ ಬಗ್ಗಿಸಬೇಕು.

ವಡಗಾವಿ ವೀಕೆಂಡ್: ಮಿಝುನೋ ಒಳ್ಳೆಯದಾ ಟೈಟ್ಲಿಸ್ಟ್ ಒಳ್ಳೆಯದಾ?

ಮಿಸ್ತ್ರಿ ಕಾಕಾ: ಎತ್ತರ, ಹ್ಯಾಂಡಿಕ್ಯಾಪ್ ಬರೆದು ಕೇಳಿ.

ಎರಕದ ಮನೆ: ಕಾಕಾ ಮೇಲೆ ಗೌರವ ಇದೆ. ಆದರೆ ಈ ಗುಂಪಿನಲ್ಲಿ ಫೋರ್ಜ್ಡ್ ಅಂದರೆ ಬಂಗಾರ, ಎರಕ ಅಂದರೆ ಡಬ್ಬಾ ಅನ್ನುವ ಮಾತು ಕೇಳಿ ಸಾಕಾಗಿದೆ. ಬೆಳಗಾವಿಯಲ್ಲಿ ಎಷ್ಟು ಮನೆ ನಡೆಯುವುದು ಫೌಂಡ್ರಿಯಿಂದ? 1982ರಲ್ಲಿ ಬಂದ ಪಿಂಗ್ ಐ 2 ಎರಕದ್ದೇ. ಜಗತ್ತಿನಲ್ಲಿ ತುಂಬಾ ಮಾರಾಟವಾದ ಐರನ್‌ಗಳಲ್ಲಿ ಅದೂ ಒಂದು.

ಶಹಾಪುರ ಆಟಗಾರ್ತಿ: ಅಣ್ಣಾ, ಅದು ಮೇಣದ ಅಚ್ಚಿನ ಎರಕ. ನಿಮ್ಮ ಉಸುಕಿನ ಎರಕಕ್ಕೂ ಅದಕ್ಕೂ ಏನು ಸಂಬಂಧ? ಫೋರ್ಜ್ಡ್ ಹೊಡೆದಾಗ ಕೈಗೆ ಬರುವ ಫೀಲ್ ಎರಕದಲ್ಲಿ ಬರುವುದಿಲ್ಲ. ನಾನು ಎರಡೂ ಆಡಿದ್ದೇನೆ.

ಎರಕದ ಮನೆ: ಅಕ್ಕಾ, ಮೇಣದ ಅಚ್ಚು ನಮಗೂ ಗೊತ್ತು. ಫೀಲ್ ಫೀಲ್ ಅಂತೀರಿ, ಕಣ್ಣು ಕಟ್ಟಿ ಹೊಡೆಸಿದರೆ ಹೇಳುತ್ತೀರಾ?

ಶಹಾಪುರ ಆಟಗಾರ್ತಿ: ಹೇಳುತ್ತೇನೆ. ಯಾವಾಗ ಬರಲಿ?

ಕ್ಯಾಂಪ್ 16: ಇಬ್ಬರೂ ಬೇರೆ ಕಡೆ ಮಾತಾಡಿಕೊಳ್ಳಿ, ಇಲ್ಲಿ ಪ್ರಶ್ನೆ ಕೇಳುವವರಿದ್ದಾರೆ.

ಎರಕದ ಮನೆ: ನಿಮ್ಮ ಉತ್ತರ ಸಿಕ್ಕಿತಲ್ಲ, ಈಗ ಬೇರೆಯವರಿಗೆ ಬುದ್ಧಿ ಹೇಳಬೇಡಿ.

ಮಿಸ್ತ್ರಿ ಕಾಕಾ: ಇಬ್ಬರದೂ ಅರ್ಧ ಸರಿ. ಚೆಂಡು ಮುಖಕ್ಕೆ ತಾಗಿರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗ. ಅಷ್ಟರಲ್ಲಿ ಕೈಗೆ ಏನೂ ಗೊತ್ತಾಗುವುದಿಲ್ಲ. ನಾವು ಫೀಲ್ ಅನ್ನುವುದರಲ್ಲಿ ಬಹಳಷ್ಟು ಕಿವಿಗೆ ಬೀಳುವ ಸದ್ದು. ಸದ್ದು ಬದಲಾಗುವುದು ತಲೆಯ ಆಕಾರ, ದಪ್ಪದಿಂದ. ಚೆಂಡಿನ ಹಿಂದೆ ಉಕ್ಕು ದಪ್ಪ ಇದ್ದರೆ ಸದ್ದು ಮೆತ್ತಗೆ. ಎರಕ, ಫೋರ್ಜಿಂಗ್ ನಡುವೆ ನನ್ನ ಬೆಂಚ್ ಮೇಲೆ ಕಾಣುವ ದೊಡ್ಡ ವ್ಯತ್ಯಾಸ ಬಗ್ಗಿಸುವುದರಲ್ಲಿ. 17-4 ಸ್ಟೇನ್‌ಲೆಸ್ ಎರಕ ಬಲು ಹಟಮಾರಿ. ಇಷ್ಟೇ. ಇದರ ಮೇಲೆ ಜಗಳ ಬೇಡ.

ಬಾಗಲಕೋಟೆ ಅಪ್ಪ: ಕಾಕಾ ಅವರೇ, ಮಗಳಿಗೆ 14 ವರ್ಷ, ಎತ್ತರ 5 ಅಡಿ. ಟೋಕಿಯೊ ಒಲಿಂಪಿಕ್ಸ್ ಗಾಲ್ಫ್‌ನಲ್ಲಿ ಅದಿತಿ ಅಶೋಕ್ ನಾಲ್ಕನೇ ಸ್ಥಾನ ಬಂದಾಗ ಟಿವಿಯಲ್ಲಿ ನೋಡಿ ಹಟ ಹಿಡಿದಳು. ಶನಿವಾರ, ಭಾನುವಾರ ಬೆಳಗಾವಿಗೆ ಕರೆದುಕೊಂಡು ಬರುತ್ತೇನೆ. ಅವಳ ಸೋದರಮಾವ ಮಿಲಿಟರಿಯಲ್ಲಿದ್ದಾಗ ಆಡುತ್ತಿದ್ದ ಫೋರ್ಜ್ಡ್ ಬ್ಲೇಡ್ ಸೆಟ್ ಕೊಟ್ಟಿದ್ದಾರೆ, ಶಾಫ್ಟ್ (ಕೋಲು) ಮೇಲೆ ಡೈನಾಮಿಕ್ ಗೋಲ್ಡ್ ಎಸ್300 ಅಂತ ಇದೆ. ಉದ್ದ ಆಯಿತು ಅಂತ ಒಂದು ಇಂಚು ಕತ್ತರಿಸಿದ್ದೇವೆ. ಎರಡು ತಿಂಗಳಿಂದ ಎಡ ಮಣಿಕಟ್ಟು ನೋವು ಅನ್ನುತ್ತಾಳೆ, ಬ್ಯಾಂಡೇಜ್ ಸುತ್ತಿಕೊಂಡು ಆಡುತ್ತಾಳೆ. ಮುಂದಿನ ವರ್ಷ ಬೆಂಗಳೂರಿನಲ್ಲಿ ಆಡಿಸಬೇಕು. ಮಿಝುನೋ ಪ್ರೊ 241 ಕೊಡಿಸಿದರೆ ಮೃದು ಇರುತ್ತದೆ, ಜೀವನಪೂರ್ತಿ ಬರುತ್ತದೆ ಅಂತ ಯೋಚನೆ. ಸರಿಯಾ?

ಮಿಸ್ತ್ರಿ ಕಾಕಾ: ಅಪ್ಪಾ ಅವರೇ, ಇದಕ್ಕೆ ಉದ್ದ ಬರೆಯುತ್ತೇನೆ, ಪೂರ್ತಿ ಓದಿ.

ಮೊದಲು ಆಟ ನಿಲ್ಲಿಸಿ. ಇವತ್ತೇ. ಎರಡು ತಿಂಗಳ ನೋವು, ಬೆಳೆಯುವ ಮೂಳೆ. ನಾನು ಕ್ಲಬ್ ರಿಪೇರಿಯವನು, ಮೂಳೆ ಡಾಕ್ಟರ್ ಅಲ್ಲ. ಅವರಿಗೆ ತೋರಿಸಿ, ಆಡಬಹುದು ಅಂತ ಅವರು ಹೇಳುವವರೆಗೆ ಪಟರ್ (ಚೆಂಡು ಮೆಲ್ಲಗೆ ಉರುಳಿಸುವ ಕ್ಲಬ್) ಬಿಟ್ಟು ಬೇರೆ ಯಾವುದೂ ಅವಳ ಕೈಗೆ ಕೊಡಬೇಡಿ, ನೋವಾದರೆ ಅದೂ ಬೇಡ.

ಈಗ ಸೆಟ್. ಎಸ್300 ಶಾಫ್ಟ್ ಒಂದೇ ಸುಮಾರು 130 ಗ್ರಾಂ. ಜೋರಾಗಿ ಹೊಡೆಯುವ ಗಂಡಸರಿಗೆ ಮಾಡಿದ್ದು. ಅವಳ ವಯಸ್ಸಿಗೆ, ಎತ್ತರಕ್ಕೆ 50-60 ಗ್ರಾಂನ ಗ್ರಾಫೈಟ್ ಶಾಫ್ಟ್ ಬೇಕು. ಅಂದರೆ ಪ್ರತಿ ಹೊಡೆತಕ್ಕೂ ಬೇಕಾದದ್ದಕ್ಕಿಂತ ದುಪ್ಪಟ್ಟು ತೂಕದ ಕೋಲು ಬೀಸುತ್ತಿದ್ದಾಳೆ. ನೀವು ಒಳ್ಳೆಯದಕ್ಕೇ ಕತ್ತರಿಸಿದ್ದೀರಿ, ಆದರೆ ಶಾಫ್ಟ್ ಕತ್ತರಿಸಿದರೆ ಇನ್ನೂ ಬಿರುಸಾಗುತ್ತದೆ. ಅರ್ಧ ಇಂಚಿಗೆ ಸ್ವಿಂಗ್ ವೇಟ್ (ಬೀಸುವಾಗ ತಲೆ ಕಡೆ ಅನಿಸುವ ತೂಕ) ಮೂರು ಪಾಯಿಂಟ್ ಬೀಳುತ್ತದೆ, ನಿಮ್ಮದು ಆರು. ತಲೆ ಎಲ್ಲಿದೆ ಅಂತಲೇ ಅವಳಿಗೆ ತಿಳಿಯುವುದಿಲ್ಲ, ತಿಳಿಯದಾಗ ಮಣಿಕಟ್ಟಿನಿಂದ ಎಳೆಯುತ್ತಾಳೆ. ಅದರ ಮೇಲೆ ಬ್ಲೇಡ್. ಬ್ಲೇಡಿನ ತೂಕವೆಲ್ಲ ನಡುವೆ ಇರುತ್ತದೆ. ಚೆಂಡು ಸ್ವಲ್ಪ ಆಚೀಚೆ ತಾಗಿದರೂ ತಲೆ ತಿರುಗಿ ಆ ಝಣಝಣ ನೇರ ಕೈಗೆ ಬರುತ್ತದೆ. ಹಿಂಬದಿ ಕೊರೆದ ಕ್ಯಾವಿಟಿ ಬ್ಯಾಕ್‌ನಲ್ಲಿ ತೂಕ ಅಂಚಿಗೆ ಹಂಚಿರುವುದರಿಂದ ಅಷ್ಟು ತಿರುಗುವುದಿಲ್ಲ.

241 ಚೆಂದದ ಕ್ಲಬ್. ಆದರೆ ಅದೂ ಬ್ಲೇಡೇ, ನುರಿತ ಆಟಗಾರರಿಗೆ ಮಾಡಿದ್ದು. ಫೋರ್ಜ್ಡ್ ಉಕ್ಕು ಮೃದು ಅಂದರೆ ಕೈಗೆ ಮೃದು ಅಂತ ಅಲ್ಲ, ಈ ತಪ್ಪು ತಿಳಿವಳಿಕೆಯಿಂದ ಎಷ್ಟು ಜನ ಹಣ ಕಳೆದುಕೊಳ್ಳುತ್ತಾರೋ. ಜೀವನಪೂರ್ತಿ ಅನ್ನುವ ಮಾತೂ ಬಿಡಿ, ಅವಳು ಇನ್ನೂ ಎರಡು ಮೂರು ಇಂಚು ಬೆಳೆಯಬಹುದು. ಈಗ ಅವಳಿಗೆ ಬೇಕಿರುವುದು ಹಗುರ ಶಾಫ್ಟಿನ, ಅಗಲ ಸೋಲಿನ ಕ್ಯಾವಿಟಿ ಬ್ಯಾಕ್, ಎರಕದ್ದಾದರೂ ಸರಿ, ಹಳೆಯದಾದರೂ ಸರಿ. 6ರಿಂದ ಪಿಚಿಂಗ್ ವೆಜ್‌ವರೆಗೆ ಸಾಕು. ಲೈ ನೋಡಲು ಸೋಲ್‌ಗೆ ಟೇಪ್ ಅಂಟಿಸಿ ಹಲಗೆ ಮೇಲೆ ಹೊಡೆಸುತ್ತೇನೆ. ಗುರುತು ಹೀಲ್ (ಕೋಲು ಸೇರುವ ಬದಿ) ಕಡೆ ಬಿದ್ದರೆ ಕ್ಲಬ್ ಜಾಸ್ತಿ ನೆಟ್ಟಗಿದೆ, ಟೋ (ತಲೆಯ ತುದಿ) ಕಡೆ ಬಿದ್ದರೆ ಜಾಸ್ತಿ ಮಲಗಿದೆ ಅಂತ. ಮಾವನ ಸೆಟ್ ಎಣ್ಣೆ ಹಚ್ಚಿ ಎತ್ತಿಡಿ. 18ಕ್ಕೆ ಬರಲಿ, ಆಗ ಬೇಕಾದರೆ ಹೊಸ ಶಾಫ್ಟ್ ಹಾಕಿ ಕೊಡುತ್ತೇನೆ.

ಖಾನಾಪುರ ರೋಡ್: ಫಾರ್ವರ್ಡ್ ಆಗಿ ಬಂದಿದ್ದು, ಎಲ್ಲರಿಗೂ ಉಪಯೋಗ ಆಗಲಿ. 1. ಮ್ಯಾಗ್ನೆಟ್ ಅಂಟಿದರೆ ಅದು ಅಸಲಿ ಫೋರ್ಜ್ಡ್. 2. ಟಾಯ್ಲೆಟ್ ಕ್ಲೀನರ್‌ನಲ್ಲಿ ರಾತ್ರಿ ನೆನೆಸಿ ಕ್ರೋಮ್ ತೆಗೆದರೆ ತುಕ್ಕು ಹಿಡಿದು ಸ್ಪಿನ್ ಜಾಸ್ತಿ ಆಗುತ್ತದೆ. 3. ಗ್ಯಾಸ್ ಒಲೆ ಮೇಲೆ ಹೋಸೆಲ್ ಕಾಯಿಸಿ ಮನೆಯಲ್ಲೇ ಲೈ ಬಗ್ಗಿಸಬಹುದು. 4. ಮಣಿಕಟ್ಟು ನೋವಿಗೆ ತಾಮ್ರದ ಬಳೆ ರಾಮಬಾಣ.

ಮಿಸ್ತ್ರಿ ಕಾಕಾ: ಇದನ್ನು ಯಾರೂ ಮಾಡಬೇಡಿ. 17-4 ಸ್ಟೇನ್‌ಲೆಸ್‌ಗೂ ಮ್ಯಾಗ್ನೆಟ್ ಅಂಟುತ್ತದೆ, ಎರಕಕ್ಕೂ ಅಂಟುತ್ತದೆ. ಅಂಟದಿದ್ದರೆ ಅಗ್ಗದ ಝಿಂಕ್ ತಲೆ ಇರಬಹುದು, ಅಷ್ಟಕ್ಕೆ ಮಾತ್ರ ಉಪಯೋಗ. ಟಾಯ್ಲೆಟ್ ಕ್ಲೀನರ್ ಅಂದರೆ ಆ್ಯಸಿಡ್, ಮುಖದ ಗ್ರೂವ್‌ಗಳ (ಗೀರುಗಳ) ಅಂಚು ತಿನ್ನುತ್ತದೆ, ಮುಚ್ಚಿದ ಬಚ್ಚಲಲ್ಲಿ ಬ್ಲೀಚ್ ಜೊತೆ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ಜೀವಕ್ಕೆ ಅಪಾಯ. ತುಕ್ಕಿನಿಂದ ಸ್ಪಿನ್ ಬರುವುದಿಲ್ಲ. ಹೋಸೆಲ್ ಕಾಯಿಸಿದರೆ ಒಳಗಿನ ಎಪಾಕ್ಸಿ ಅಂಟು ಸಡಿಲವಾಗಿ ಹೊಡೆಯುವಾಗ ತಲೆ ಹಾರಿ ಹೋಗುತ್ತದೆ, ಎದುರಿಗೆ ಯಾರಿರುತ್ತಾರೋ. ನನ್ನ ಶೆಡ್‌ನಲ್ಲಿ ಕಾಯಿಸದೆ ತಣ್ಣಗೇ ಬಗ್ಗಿಸುತ್ತೇನೆ.

ಖಾನಾಪುರ ರೋಡ್: ಬಂದದ್ದನ್ನು ಹಾಕಿದೆ ಅಷ್ಟೇ ಕಾಕಾ, ಇಷ್ಟು ಸಿಟ್ಟು ಯಾಕೆ? ತಾಮ್ರದ ಬಳೆಯಿಂದ ನಮ್ಮ ತಾಯಿಗೆ ಗುಣ ಆಗಿದೆ.

ಶಹಾಪುರ ಆಟಗಾರ್ತಿ: ಅವರು ಒಂದು ಮಗುವಿನ ಕೈ ನೋವಿನ ಬಗ್ಗೆ ಅಷ್ಟುದ್ದ ಬರೆದ ಮೇಲೆ ನೀವು ಬಳೆ ಹಾಕುತ್ತೀರಿ. ಓದಿ ಹಾಕಬಾರದಾ?

ಖಾನಾಪುರ ರೋಡ್: ನಿಮ್ಮನ್ನು ಕೇಳಲಿಲ್ಲ.

ಮಿಸ್ತ್ರಿ ಕಾಕಾ: ಸಿಟ್ಟು ಇದೆ. ಹೋದ ವರ್ಷ ಒಲೆ ಮೇಲೆ ಕಾಯಿಸಿದ ಮೂರು ಸೆಟ್ ನನ್ನ ಹತ್ತಿರ ಬಂದವು. ಒಂದರ ಗ್ರಾಫೈಟ್ ಸುಟ್ಟು ಕರಿಯಾಗಿತ್ತು. ಆ ಮೆಸೇಜ್ ಅಳಿಸಿ.

ವಡಗಾವಿ ವೀಕೆಂಡ್: 5 ಅಡಿ 7, ಹ್ಯಾಂಡಿಕ್ಯಾಪ್ ಇನ್ನೂ ಇಲ್ಲ, ಆರು ತಿಂಗಳಾಯಿತು. ಮಿಝುನೋನಾ ಟೈಟ್ಲಿಸ್ಟಾ?

ಮಿಸ್ತ್ರಿ ಕಾಕಾ: ಆರು ತಿಂಗಳಿಗೆ ಎರಡೂ ಬೇಡ. ಇರುವುದರಲ್ಲೇ ಒಂದು ವರ್ಷ ಆಡಿ.

ವಿಜಯಪುರ ನಿವೃತ್ತ: ಕಾಕಾ, 66 ವರ್ಷ. ಟಿ100 ತಗೊಳ್ಳಬಹುದಾ?

ಮಿಸ್ತ್ರಿ ಕಾಕಾ: ಮೇಲೆ ಕ್ಯಾಂಪ್ 16 ಅವರಿಗೆ ಬರೆದಿದ್ದೇನೆ, ಓದಿ.

ಎಡಗೈ: ಸರ್, ನನ್ನ ಪ್ರಶ್ನೆ ಮೇಲೆ ಹೋಗಿಬಿಟ್ಟಿದೆ.

ಎರಕದ ಮನೆ: ಅಕ್ಕಾ, ಭಾನುವಾರ ಕಣ್ಣು ಕಟ್ಟಿ ಹೊಡೆಯಲು ತಯಾರಾ? ಕಿವಿಗೆ ಹತ್ತಿ ಇಟ್ಟುಕೊಂಡು.

ಶಹಾಪುರ ಆಟಗಾರ್ತಿ: ಬನ್ನಿ. ಎರಡೂ ಕ್ಲಬ್ ಒಂದೇ ಶಾಫ್ಟ್, ಒಂದೇ ಗ್ರಿಪ್ ಇರಬೇಕು. ಇಲ್ಲದಿದ್ದರೆ ಅದು ಪರೀಕ್ಷೆಯೇ ಅಲ್ಲ.

ಅಡ್ಮಿನ್: ಸಾಕು. ಇನ್ನು ಜಗಳದ ಮೆಸೇಜ್ ತೆಗೆಯುತ್ತೇನೆ.

ಬಾಗಲಕೋಟೆ ಅಪ್ಪ: ಕಾಕಾ, ಪೂರ್ತಿ ಓದಿದೆ. ಮಗಳಿಗೂ ಓದಿ ಹೇಳಿದೆ, ಅತ್ತಳು, ಆಮೇಲೆ ಒಪ್ಪಿದಳು. ನಾಳೆ ಡಾಕ್ಟರ್ ಹತ್ತಿರ ಹೋಗುತ್ತೇವೆ. ಕತ್ತರಿಸಿದ್ದು ನಾನೇ, ಅದು ಮನಸ್ಸಿಗೆ ಹತ್ತಿದೆ. ಅವರು ಆಡಬಹುದು ಅಂದ ಮೇಲೆ ಯಾವಾಗ ಬರಲಿ, ಏನೇನು ತರಲಿ?

ಮಿಸ್ತ್ರಿ ಕಾಕಾ: ನಿಮಗೆ ಯಾರೂ ಹೇಳಿರಲಿಲ್ಲ, ಅದನ್ನು ಹಚ್ಚಿಕೊಳ್ಳಬೇಡಿ. ಯಾವ ಭಾನುವಾರ ಆದರೂ ಬೆಳಿಗ್ಗೆ ಏಳಕ್ಕೆ ಬನ್ನಿ. ಸೆಟ್ ತರಬೇಡಿ, ನನ್ನ ಹತ್ತಿರ ಹಗುರ ಶಾಫ್ಟಿನ ಎರಡು 7ನೇ ಐರನ್ ಇವೆ. ಡಾಕ್ಟರ್ ಚೀಟಿ ತನ್ನಿ. ಮಣಿಕಟ್ಟಿನಿಂದ ನೆಲಕ್ಕೆ ಅಳತೆ ತೆಗೆಯಬೇಕು, ಅವಳು ಆಡುವಾಗ ಹಾಕುವ ಬೂಟೇ ಹಾಕಿಸಿ ಕರೆದುಕೊಂಡು ಬನ್ನಿ.