ಸಹಾಯ ಬೇಕು: ಕ್ರಾಸ್ ಕಂಪೈಲರ್ ಕಟ್ಟುವಾಗ ಎರಡನೇ ಜಿಸಿಸಿ ನಿಲ್ಲುತ್ತಿದೆ

ಎಲ್ಲರಿಗೂ ನಮಸ್ಕಾರ. ಗಂಗಾವತಿ ಹತ್ತಿರ ನಮ್ಮ ಭತ್ತದ ಗದ್ದೆಯ ಪಂಪ್‌ಗೆ ಹಳೇ 32 ಬಿಟ್ ಆರ್ಮ್ ಬೋರ್ಡ್ ಹಾಕಿದ್ದೇವೆ. ಅದರಲ್ಲೇ ಕಂಪೈಲ್ ಮಾಡೋಕೆ ಮೆಮೊರಿ ಸಾಲಲ್ಲ. ಅದಕ್ಕೆ ಬೋರ್ಡ್‌ನ ಪ್ರೋಗ್ರಾಂಗಳನ್ನ ಲ್ಯಾಪ್‌ಟಾಪ್‌ನಲ್ಲೇ ಕಂಪೈಲ್ ಮಾಡೋ ಕ್ರಾಸ್ ಕಂಪೈಲರ್ ಬೇಕು; ಶೆಲ್ ಸ್ಕ್ರಿಪ್ಟ್ ಬರೆದು ಅದರ ಟೂಲ್‌ಚೈನ್ (ಕಂಪೈಲರ್, ಲಿಂಕರ್, ಲೈಬ್ರರಿಗಳ ಸೆಟ್) ಕಟ್ಟುತ್ತಿದ್ದೇನೆ. ರೆಡಿಮೇಡ್ ಸಿಗುತ್ತೆ, ಗೊತ್ತು. ಆದ್ರೆ ಒಳಗೇನು ನಡೆಯುತ್ತೆ ಅಂತ ತಿಳೀಬೇಕಲ್ವಾ?

ಬಿನ್‌ಯುಟಿಲ್ಸ್ (ಅಸೆಂಬ್ಲರ್, ಲಿಂಕರ್ ಇರೋ ಪ್ಯಾಕೇಜ್), ಬರೀ ಸಿ ಭಾಷೆಯ ಮೊದಲ ಜಿಸಿಸಿ ಕಂಪೈಲರ್, ಕರ್ನಲ್ ಹೆಡರ್, ಮಸಲ್ ಅನ್ನೋ ಸಿ ಲೈಬ್ರರಿ ಎಲ್ಲ ಆಯ್ತು. ಎರಡನೇ ಜಿಸಿಸಿಯಲ್ಲಿ ಸಿ ಪ್ಲಸ್ ಪ್ಲಸ್ ಲೈಬ್ರರಿ ಕಾನ್ಫಿಗರ್ ಆಗುವಾಗ 'ಲಿಂಕ್ ಟೆಸ್ಟ್ಸ್ ಆರ್ ನಾಟ್ ಅಲೌಡ್' ಅಂತ ನಿಂತುಬಿಡುತ್ತೆ. ಕಾನ್ಫಿಗ್ ಲಾಗ್ ತೆಗೆದು ನೋಡಿದರೆ, ನಿಜವಾದ ತಕರಾರು ಬೇರೆ: ಕಂಪೈಲ್ ಆದ ತುಂಡುಗಳನ್ನ ಜೋಡಿಸೋ ಲಿಂಕರ್‌ಗೆ, ಪ್ರೋಗ್ರಾಂ ಶುರು ಮಾಡೋ ಕೋಡ್ ಇರೋ 'ಸಿಆರ್‌ಟಿ1.ಓ' ಫೈಲ್ ಸಿಗುತ್ತಿಲ್ಲ. ಫೈಲ್ ಮಾತ್ರ ಸಿಸ್‌ರೂಟ್‌ನ (ಬೋರ್ಡ್‌ನ ಹೆಡರ್, ಲೈಬ್ರರಿ ಇಟ್ಟಿರೋ ಫೋಲ್ಡರ್) ಯುಎಸ್‌ಆರ್/ಲಿಬ್‌ನಲ್ಲಿ ಕಣ್ಣೆದುರೇ ಕೂತಿದೆ!

ಜಿಸಿಸಿ ಕಾನ್ಫಿಗರ್ ಮಾಡುವಾಗ 'ವಿತ್-ಸಿಸ್‌ರೂಟ್' ಆಯ್ಕೆ ಜೊತೆ 'ವಿತ್-ಬಿಲ್ಡ್-ಸಿಸ್‌ರೂಟ್' ಕೂಡ ಕೊಡಬೇಕಾ? ಬಲ್ಲವರು ಹೇಳಿ. ಲಾಗ್ ಬೇಕಂದ್ರೆ ಹಾಕ್ತೀನಿ.