ದಪ್ಪ ಇರುವವರ ಲಿವರ್ ಸ್ಕ್ಯಾನ್ ಮಸುಕು: ಮ್ಯಾಟ್ರಿಕ್ಸ್ ಪ್ರೋಬ್ ತಗೊಂಡರೆ ಸರಿಹೋಗುತ್ತದಾ?

ಸ್ಕ್ಯಾನ್‌ರೂಮ್:
ನಮ್ಮ ಅಲ್ಟ್ರಾಸೌಂಡ್ ಸೆಂಟರಿನಲ್ಲಿರುವುದು ಹಳೇ ಕನ್ವೆಕ್ಸ್ ಪ್ರೋಬ್ (ಮೈಮೇಲೆ ಇಡುವ, ಬಾಗಿದ ಮುಖದ ಸಾಧನ), ಅದರಲ್ಲಿ ಶಬ್ದ ಕಳಿಸಿ ಹಿಡಿಯುವ 128 ಎಲಿಮೆಂಟ್ ಇವೆ. ತೆಳ್ಳಗಿರುವವರಿಗೆ ತೊಂದರೆಯಿಲ್ಲ. ದಪ್ಪ ಇರುವವರು ಬಂದರೆ 12 ಸೆಂ.ಮೀ. ಆಚೆಗೆ ಲಿವರ್ ಪೂರ್ತಿ ಮಸುಕು, ಸಣ್ಣ ಸಿಸ್ಟ್ (ನೀರು ತುಂಬಿದ ಚೀಲ, ಕಪ್ಪಗೆ ಕಾಣಬೇಕು) ಇದ್ದರೂ ಒಳಗೆಲ್ಲ ಬೂದು ಬೂದಾಗಿ ಕಾಣುತ್ತದೆ, ಅದು ಸಿಸ್ಟೋ ಗಡ್ಡೆಯೋ ಅಂತ ಬರೆಯಲು ಧೈರ್ಯ ಬರುವುದಿಲ್ಲ, ಕೊನೆಗೆ ಸಿಟಿ ಸ್ಕ್ಯಾನಿಗೆ ಕಳಿಸಬೇಕಾಗುತ್ತದೆ. ಪಾಪ, ಅವರಿಗೆ ಸುಮ್ನೆ ಖರ್ಚು. ಮಾರುವವರು ಸಿಂಗಲ್ ಕ್ರಿಸ್ಟಲ್ ಅಂತಾರೆ, ಮ್ಯಾಟ್ರಿಕ್ಸ್ ಅಂತಾರೆ. ನಿಜವಾಗಲೂ ಫರಕು ಇದೆಯಾ?

ಬಯೋಮೆಡ್_ಮೈಸೂರು:
ಇದೆ ಸರ್, ಆದರೆ ಎರಡೂ ಬೇರೆ ಬೇರೆ ಕೆಲಸ ಮಾಡುತ್ತವೆ. ಸಿಸ್ಟ್ ಬೂದಾಗುವುದಕ್ಕೆ ಹೆಚ್ಚಾಗಿ ಸ್ಲೈಸಿನ ದಪ್ಪವೇ ಕಾರಣ, ಅಂದರೆ ಪ್ರೋಬಿನ ಅಗಲದ ದಿಕ್ಕಿನಲ್ಲಿ ಬೀಮ್ ಎಷ್ಟು ದಪ್ಪ ಅನ್ನುವುದು. ಪ್ರೋಬಿನ ಉದ್ದಕ್ಕೆ ಫೋಕಸ್ ಎಲ್ಲಿರಬೇಕು ಅಂತ ಮೆಷಿನ್ನೇ ಬದಲಾಯಿಸುತ್ತದೆ. ಅಗಲಕ್ಕೆ ಹಾಗಲ್ಲ, ಅಲ್ಲಿ ಒಂದೇ ಸಾಲು ಎಲಿಮೆಂಟ್, ಮುಖದ ಮೇಲಿನ ಲೆನ್ಸ್ ಒಂದೇ ಆಳಕ್ಕೆ ಫೋಕಸ್ ಮಾಡುತ್ತದೆ, ಅದರ ಆಚೆ ಬೀಮ್ ಅಗಲವಾಗಿ ಪಕ್ಕದ ಲಿವರಿನ ಎಕೋ ಕೂಡ ಸಿಸ್ಟಿನೊಳಗೆ ಬಂದು ಕೂರುತ್ತದೆ. ಹಲವು ಸಾಲುಗಳ ಮ್ಯಾಟ್ರಿಕ್ಸ್ ಪ್ರೋಬಿನಲ್ಲಿ ಈ ಫೋಕಸನ್ನೂ ಆಳಕ್ಕೆ ಇಳಿಸಬಹುದು. ಸಿಂಗಲ್ ಕ್ರಿಸ್ಟಲ್ ಕೊಡುವುದು ಬ್ಯಾಂಡ್‌ವಿಡ್ತ್, ಅಂದರೆ ಒಂದೇ ಪ್ರೋಬ್ ಹೆಚ್ಚು ಫ್ರೀಕ್ವೆನ್ಸಿಗಳಲ್ಲಿ ಕೆಲಸ ಮಾಡುತ್ತದೆ. 2 ಮೆಗಾಹರ್ಟ್ಸ್ ಕಳಿಸಿ 4ರ ಹಾರ್ಮೋನಿಕ್ (ದೇಹದೊಳಗೇ ಹುಟ್ಟುವ ಎರಡರಷ್ಟು ಫ್ರೀಕ್ವೆನ್ಸಿ) ಚೆನ್ನಾಗಿ ಹಿಡಿಯುತ್ತದೆ, ಹೊಟ್ಟೆಯ ಕೊಬ್ಬಿನ ಪದರದಿಂದ ಬರುವ ಗಲೀಜು ಕಡಿಮೆಯಾಗುತ್ತದೆ. ನಿಮ್ಮ ಮೆಷಿನ್ ಆ ಪ್ರೋಬನ್ನು ನಡೆಸುತ್ತದಾ ಅಂತ ಮೊದಲು ಕೇಳಿ.

ಸೋನೋ_ಅಕ್ಕ:
ದುಡ್ಡು ಹಾಕುವ ಮುಂಚೆ ಈಗಿರುವ ಪ್ರೋಬ್ ನೋಡಿ. ಜೆಲ್ ಒರೆಸಿ, ಹಾರ್ಮೋನಿಕ್ ಮತ್ತು ಕಾಂಪೌಂಡಿಂಗ್ (ಹಲವು ಕೋನದ ಚಿತ್ರ ಸೇರಿಸುವುದು) ಆಫ್ ಮಾಡಿ, ಗಾಳಿಯಲ್ಲೇ ಹಿಡಿಯಿರಿ. ಮೇಲ್ಗಡೆ ಸಾಲು ಸಾಲು ಬಿಳಿ ಪಟ್ಟಿ ಬರುತ್ತದೆ. ಅದರ ನಡುವೆ ಮೇಲಿಂದ ಕೆಳಗೆ ಕಪ್ಪು ಗೆರೆ ಇದ್ದರೆ ಅಲ್ಲಿ ಎಲಿಮೆಂಟ್ ಸತ್ತಿರಬಹುದು, ಇಲ್ಲವೇ ಕೇಬಲ್ ಕಿತ್ತಿರಬಹುದು. ಪೇಪರ್ ಕ್ಲಿಪ್ಪನ್ನು ಮುಖದ ಮೇಲೆ ಮೆಲ್ಲಗೆ ಎಳೆದರೆ ಯಾವ ಜಾಗ ಅಂತಲೂ ಗೊತ್ತಾಗುತ್ತದೆ.

ಸ್ಕ್ಯಾನ್‌ರೂಮ್:
ಮಾಡಿ ನೋಡಿದೆ ಮೇಡಂ. ಬಲಗಡೆ ತುದಿ ಹತ್ತಿರ ಒಂದು ಕಪ್ಪು ಗೆರೆ ಇದೆ, ಮಧ್ಯದಲ್ಲಿ ಏನೂ ಇಲ್ಲ. ಸಿಸ್ಟ್ ಮಸುಕಾಗುವುದು ಮಧ್ಯದಲ್ಲೇ.

ಬಯೋಮೆಡ್_ಮೈಸೂರು:
ಹಾಗಾದರೆ ಸ್ಲೈಸ್ ದಪ್ಪದ ಅನುಮಾನವೇ ಜಾಸ್ತಿ. ಇನ್ನೊಂದು ಮಾತು. ಮೆಷಿನ್ ಲೆಕ್ಕ ಹಾಕುವುದು ಸೆಕೆಂಡಿಗೆ 1540 ಮೀಟರ್ ವೇಗಕ್ಕೆ, ಕೊಬ್ಬಿನಲ್ಲಿ ಶಬ್ದ ಓಡುವುದು ಸುಮಾರು 1450ರಲ್ಲಿ, ಹಾಗಾಗಿ ಫೋಕಸ್ ತಪ್ಪುತ್ತದೆ. ಆ ತಪ್ಪನ್ನು ಎಂಥ ಪ್ರೋಬೂ ತಾನಾಗಿ ಸರಿಮಾಡುವುದಿಲ್ಲ, ವೇಗ ಬದಲಾಯಿಸುವ ಆಯ್ಕೆ ಮೆಷಿನ್ನಿನಲ್ಲೇ ಇರಬೇಕು. ಡೆಮೊ ಕೇಳಿ, ದಪ್ಪ ಇರುವವರ ಮೇಲೇ ಮಾಡಿಸಿ, ತೆಳ್ಳಗಿರುವವರ ಚಿತ್ರ ತೋರಿಸಿದರೆ ಒಪ್ಪಬೇಡಿ. ಮೆಷಿನ್ನೇ ಬದಲಾಯಿಸುವುದಾದರೆ ಪಿಸಿಪಿಎನ್‌ಡಿಟಿ (ಭ್ರೂಣದ ಲಿಂಗ ಪತ್ತೆ ತಡೆ) ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರಕ್ಕೆ ಮೊದಲೇ ತಿಳಿಸಿ.