ಮನೆ ಮಾರುವ ಮುನ್ನ ಕೆಂಪು ನೆಲದ ಮೇಲೆ ಟೈಲ್ಸ್ ಹಾಕಿಸಬೇಕೇ?

ಪ್ರಶ್ನೆ: ನಮಸ್ಕಾರ ಸರ್. ಮೈಸೂರಿನಲ್ಲಿ ನಮ್ಮ ತಂದೆ 1974ರಲ್ಲಿ ಕಟ್ಟಿಸಿದ ಮನೆಯನ್ನು ಮಾರಬೇಕಾಗಿದೆ. ಹಾಲ್ ಮತ್ತು ಎರಡು ಕೋಣೆಗಳಲ್ಲಿ ರೆಡ್ ಆಕ್ಸೈಡ್ ನೆಲವಿದೆ. ಹಾಲಿನ ನಡುವೆ ಎರಡು ಬಿರುಕುಗಳಿವೆ, ಬಾಗಿಲ ಬಳಿ ಬಣ್ಣ ಮಾಸಿದೆ. ನೋಡಲು ಬಂದವರೆಲ್ಲ ‘ಮನೆ ಕತ್ತಲು’ ಎನ್ನುತ್ತಾರೆ. ಬಿಳಿ ವಿಟ್ರಿಫೈಡ್ ಟೈಲ್ಸ್ ಹಾಕಿಸಿದರೆ ಬೆಳಕೂ ಹೆಚ್ಚುತ್ತದೆ, ಬೆಲೆಯೂ ಏರುತ್ತದೆ ಎಂದು ದಲ್ಲಾಳಿ ಹೇಳುತ್ತಾರೆ. ಹಾಕಿಸಲೇ? ಹಾಲಿನಲ್ಲಿರುವುದು ಒಂದೇ ಟ್ಯೂಬ್‌ಲೈಟ್.

ಉತ್ತರ: ದಯವಿಟ್ಟು ಬೇಡ ಮೇಡಂ. ಹಳೆಯ ಮನೆಗಳ ದುರಸ್ತಿಯೇ ನನ್ನ ಕಸುಬು. ಗಟ್ಟಿಮುಟ್ಟಾದ ಕೆಂಪು ನೆಲವನ್ನು ಮುಚ್ಚಿಹಾಕುವುದನ್ನು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಕರಣೆಯಿಂದ ಉಜ್ಜಿ ಉಜ್ಜಿ ಆ ಹೊಳಪು ತರುವ ಗಾರೆ ಕೆಲಸದವರು ಈಗ ಹುಡುಕಿದರೂ ಸಿಗುವುದು ಕಷ್ಟ. ಮೇಲೆ ಟೈಲ್ಸ್ ಕೂರಿಸಿದರೆ ಅಂಟೂ ಸೇರಿ ನೆಲ ಅರ್ಧ ಇಂಚಿನಷ್ಟು ಏರುತ್ತದೆ. ಆಗ ಪ್ರತಿಯೊಂದು ಬಾಗಿಲನ್ನೂ ಕೆಳಗಡೆ ಕೊಯ್ಯಿಸಬೇಕು, ಹೊಸ್ತಿಲು ಗಿಡ್ಡವಾಗುತ್ತದೆ.

ಮೊದಲು ಒಂದು ನಾಣ್ಯ ತೆಗೆದುಕೊಂಡು ಬಿರುಕಿನ ಉದ್ದಕ್ಕೂ ತಟ್ಟುತ್ತಾ ಹೋಗಿ. ಸದ್ದು ಗಟ್ಟಿಯಾಗಿ ಕೇಳಿಸಿದರೆ ಬಿರುಕು ಮೇಲ್ಪದರದ್ದು. ಟೊಳ್ಳು ಸದ್ದು ಬಂದ ಕಡೆ ಮಾತ್ರ ಕಿತ್ತು ಹೊಸದಾಗಿ ಹಾಕಿಸಿ. ಬಿರುಕಿನ ಒಂದು ಬದಿ ತಗ್ಗಿದ್ದರೆ ಅಡಿಯ ಮಣ್ಣು ಕುಸಿದಿರಬಹುದು, ಎಂಜಿನಿಯರ್‌ಗೆ ತೋರಿಸಿ.

ಕತ್ತಲೆಗೆ ನೆಲವನ್ನು ದೂರಬೇಡಿ. ನಿಮ್ಮ ಟ್ಯೂಬ್ 6500 ಕೆಲ್ವಿನ್‌ನದಾಗಿದ್ದರೆ (ಕೆಲ್ವಿನ್ ಎಂದರೆ ಬೆಳಕಿನ ಛಾಯೆಯ ಅಳತೆ, ಅಂಕಿ ಹೆಚ್ಚಿದಷ್ಟೂ ನೀಲಿ), ಆ ನೀಲಿ ಛಾಯೆಯಲ್ಲಿ ಕೆಂಪು ನೆಲ ಮಂಕಾಗಿ ಕೆಸರಿನ ಬಣ್ಣಕ್ಕೆ ತಿರುಗುತ್ತದೆ. 3000 ಕೆಲ್ವಿನ್‌ನ ಎಲ್‌ಇಡಿ ಹಾಕಿಸಿ, ಡಬ್ಬಿಯ ಮೇಲೆ ಸಿಆರ್‌ಐ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಳತೆ, ಗರಿಷ್ಠ 100) 90 ಎಂದಿರುವುದನ್ನೇ ಆರಿಸಿ. ಅದೇ ನೆಲ ನೀರು ಚಿಮುಕಿಸಿದ ಇಟ್ಟಿಗೆಯಂತೆ ಕಳೆಗಟ್ಟುತ್ತದೆ. ಒಂದೇ ದೀಪದ ಬದಲು ಮೂರು ನಾಲ್ಕು ಇರಲಿ, ಎರಡರ ಬೆಳಕಾದರೂ ಗೋಡೆಗೆ ಬೀಳಲಿ. ಛಾವಣಿಗೆ ಅಚ್ಚ ಬಿಳಿ ಬಳಿಸಿ. ಕಿಟಕಿಯ ಸೊಳ್ಳೆ ಪರದೆಯನ್ನು ಬಿಚ್ಚಿ ತೊಳೆದರೆ ಹಗಲಿನ ಬೆಳಕು ಎಷ್ಟು ಒಳಬರುತ್ತದೆ ಎಂಬುದನ್ನು ನೀವೇ ಕಾಣುವಿರಿ.

ಪ್ರಶ್ನೆ: ತುಂಬಾ ಧನ್ಯವಾದ ಸರ್. ನಾಣ್ಯದ ಸದ್ದು ಎಲ್ಲ ಕಡೆ ಗಟ್ಟಿಯಾಗಿಯೇ ಇದೆ. ಕೆಲಸದವರು ಆಸಿಡ್ ಹಾಕಿ ತೊಳೆಯುತ್ತೇವೆ ಎನ್ನುತ್ತಿದ್ದಾರೆ. ಇನ್ನೊಂದು ವಿಷಯ: ಅಡುಗೆಮನೆಯ ಮೂಲೆಯಲ್ಲಿ ನೆಲದಿಂದ ಬಿಳಿ ಪುಡಿ ಏಳುತ್ತದೆ. ಅಲ್ಲಿ ಚಾಪೆ ಹಾಸಿದರೆ ಸಾಕೇ?

ಉತ್ತರ: ಆಸಿಡ್ ಬೇಡವೇ ಬೇಡ, ಅದು ಸಿಮೆಂಟನ್ನೇ ತಿನ್ನುತ್ತದೆ. ತಿಳಿ ಸೋಪಿನ ನೀರಿನಿಂದ ತೊಳೆದು ಎರಡು ದಿನ ಒಣಗಲು ಬಿಡಿ. ಬಿರುಕಿಗೆ ಸಿಮೆಂಟಿನಲ್ಲಿ ಕೆಂಪು ಆಕ್ಸೈಡ್ ಕಲಸಿ ತುಂಬಿಸಿ. ಬಣ್ಣ ಸಿಮೆಂಟಿನ ತೂಕದ ಹತ್ತನೇ ಒಂದು ಭಾಗವನ್ನು ಮೀರಬಾರದು. ಒಣಗಿದ ಮೇಲೆ ತಿಳಿಯಾಗುವುದರಿಂದ ಮಂಚದ ಕೆಳಗಿನ ಮೂಲೆಯಲ್ಲಿ ಮೊದಲು ಹಚ್ಚಿ ನೋಡಿ. ಕೊನೆಗೆ ಮೇಣದ ಪಾಲಿಶ್. ನೋಡುವವರು ಬರುವ ದಿನ ಕೊಬ್ಬರಿ ಎಣ್ಣೆ ಸವರಬೇಡಿ, ಜಾರಿ ಬಿದ್ದಾರು.

ಬಿಳಿ ಪುಡಿ ತೇವದ ಜೊತೆ ಮೇಲೆ ಬಂದ ಉಪ್ಪು. ಚಾಪೆ ಹಾಸಿ ಮುಚ್ಚಬೇಡಿ. ಕೊಳ್ಳುವವರ ಕಣ್ಣಿಗೆ ಸುಲಭವಾಗಿ ಬೀಳದ ಮುಖ್ಯ ದೋಷವನ್ನು ಮಾರುವವರೇ ತಿಳಿಸಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ರಾತ್ರಿ ಮಲಗುವ ಮುನ್ನ ಎಲ್ಲ ನಲ್ಲಿಗಳನ್ನೂ ನಿಲ್ಲಿಸಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಬೆಳಿಗ್ಗೆ ನೀರು ಇಳಿದಿದ್ದರೆ ಎಲ್ಲೋ ಪೈಪು ಸೋರುತ್ತಿದೆ. ಪ್ಲಂಬರ್ ಬಂದು ಅದನ್ನು ಸರಿಪಡಿಸಿದ ಮೇಲೆಯೇ ಗಾರೆಯವರನ್ನು ಕರೆಸಿ.